ಅಳತೆ ಕಂಬದ ಪಕ್ಕದಿಂದ, ನಿನಗೆ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ಫೋನಿನಲ್ಲಿ ಕೇಳಿದೆಯಲ್ಲ, "ಬಿ.ಕಾಂ. ಮಾಡ್ಕೊಂಡು ಆ ಪಾರ್ಕಲ್ಲಿ ಬಿಸಿಲಿಗೆ ನಿಂತ್ಕೊಳ್ತೀಯಲ್ಲೋ, ಏನು ಸಿಗುತ್ತೆ ಅದರಲ್ಲಿ?" ಅಂತ. ಅಷ್ಟರಲ್ಲಿ ಬಿಡದಿ ಸ್ಟೇಷನ್‌ಗೆ ಟ್ರೈನ್ ಬಂತು. ಗಲಾಟೆಯಲ್ಲಿ ಮಾತು ನಿಂತುಹೋಯಿತು. ಚನ್ನಪಟ್ಟಣದಲ್ಲಿ ಇಳಿಯುವವರೆಗೂ ನನಗೆ ಅದೇ ಯೋಚನೆ. ಇವತ್ತು ವಾರದ ರಜೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನಗೆ ನೆನಪಿದೆಯಾ? ನಾನೀಗ ಕೆಲಸ ಮಾಡುವ ಬಿಡದಿಯ ಈ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕ್ 2005ರಲ್ಲಿ ಶುರುವಾಯಿತು. ಮಾರನೇ ವರ್ಷ ನಮ್ಮ ಕ್ಲಾಸಿನವರು ಟ್ರಿಪ್ ಹೋದರು. ದುಡ್ಡು ಕಟ್ಟಲಾಗದೆ ಉಳಿದವರು ನಾವಿಬ್ಬರೇ. ಅವತ್ತು ಕೆರೆ ಏರಿ ಮೇಲೆ ಕೂತು ಸಂಜೆವರೆಗೂ ಕಲ್ಲು ಎಸೆದೆವು. ಈಗ ಅದೇ ಪಾರ್ಕಿಗೆ ದಿನಾ ಹೋಗುತ್ತೇನೆ.

ನಾನು ಜಾಸ್ತಿ ಹೊತ್ತು ನಿಲ್ಲುವುದು ಎತ್ತರ ಅಳೆಯುವ ಕಂಬದ ಪಕ್ಕ. ಹಲವು ದೊಡ್ಡ ರೈಡ್‌ಗಳಿಗೆ 140 ಸೆಂಟಿಮೀಟರ್ ಇರಲೇಬೇಕು, ಅಂದರೆ ಹೆಚ್ಚುಕಡಿಮೆ ನಾಲ್ಕು ಅಡಿ ಏಳು ಇಂಚು. ರಿಕಾಯಿಲ್ ಅಂತ ಒಂದು ರೈಡ್ ಇದೆ. ತಲೆಕೆಳಗಾಗಿ ಸುತ್ತಿ ಆ ಕಡೆ ಹತ್ತುತ್ತದೆ, ಆಮೇಲೆ ಅದೇ ಹಳಿಯ ಮೇಲೆ ಹಿಮ್ಮುಖವಾಗಿ ವಾಪಸ್ ಬರುತ್ತದೆ. ಇಂಥ ರೈಡ್‌ಗಳಲ್ಲಿ ಭುಜದ ಮೇಲಿಂದ ಇಳಿದು ಹಿಡಿದುಕೊಳ್ಳುವ ಕಂಬಿ ಇಂತಿಷ್ಟು ಮೈಗೆ ಅಂತಲೇ ಮಾಡಿರುವುದು. ಮಗುವಿನ ಮೈ ಚಿಕ್ಕದಾದರೆ ನಡುವೆ ಜಾಗ ಉಳಿಯುತ್ತದೆ, ಜಾರುವ ಭಯ. ಅದಕ್ಕೇ ಒಂದು ಸೆಂಟಿಮೀಟರ್ ಕಮ್ಮಿ ಇದ್ದರೂ ಬಿಡುವ ಹಾಗಿಲ್ಲ. ಅದು ಸರಿಯೂ ಹೌದು.

ಆದರೆ ಅದನ್ನು ಒಂದು ಮಗುವಿಗೆ ಹೇಳಬೇಕಲ್ಲ!

ಸೇರಿದ ಹೊಸದರಲ್ಲಿ ಒಂದು ಹುಡುಗಿಗೆ ನಿಂತಲ್ಲಿಂದಲೇ, ಎಲ್ಲರೆದುರು, "ಎತ್ತರ ಸಾಲಲ್ಲಮ್ಮಾ, ಪಕ್ಕಕ್ಕೆ ಬಾ" ಅಂದುಬಿಟ್ಟೆ. ಅವಳ ಅಣ್ಣಂದಿರು ಒಳಗೆ ಹೋದರು. ಅವಳು ಅಳಲಿಲ್ಲ. ಕಂಬವನ್ನೇ ನೋಡುತ್ತಾ ನಿಂತಳು. ಆ ಮುಖ ನನಗೆ ಗೊತ್ತಿತ್ತು ಕಣೋ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಬದಲಾಯಿಸಿಕೊಂಡೆ. ಈಗ ಮೊದಲು ಮೊಣಕಾಲೂರಿ ಮಗುವಿನ ಎದುರು ಕೂರುತ್ತೇನೆ. ಮೆಲ್ಲಗೆ ಹೇಳುತ್ತೇನೆ. ಎಷ್ಟು ಕಮ್ಮಿ ಇದೆ ಅಂತ ಬೆರಳಲ್ಲಿ ತೋರಿಸುತ್ತೇನೆ. ಆ ಕಂಬಿಯ ವಿಷಯವನ್ನೂ ಹೇಳುತ್ತೇನೆ, ಮಕ್ಕಳಿಗೆ ಕಾರಣ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ. ಹೋದ ಡಿಸೆಂಬರ್‌ನಲ್ಲಿ, ಸ್ಕೂಲ್ ಟ್ರಿಪ್‌ಗಳ ಸೀಸನ್, ಬಸ್ಸಿನ ಮೇಲೆ ಬಸ್ಸು ಬರುವ ಹೊತ್ತು, ಒಬ್ಬ ಹುಡುಗ ಮಾತ್ರ ಹೊರಗೆ ಉಳಿದ. ಅವನನ್ನು ರೈಡ್ ಪೂರ್ತಿ ಕಾಣುವ ಕಡೆ ನಿಲ್ಲಿಸಿಕೊಂಡೆ. "ನಿನ್ನ ಗೆಳೆಯರಲ್ಲಿ ಯಾರು ಕಣ್ಣು ಮುಚ್ಚಿಕೊಂಡಿದ್ದಾರೆ ನೋಡಿ ಹೇಳು" ಅಂದೆ. ಅವರೆಲ್ಲ ಇಳಿದು ಬಂದಾಗ ಸುದ್ದಿ ಇದ್ದಿದ್ದು ಅವನ ಹತ್ತಿರ! "ನೀನು ಮುಚ್ಚಿದ್ದೆ, ನೀನೂ ಮುಚ್ಚಿದ್ದೆ" ಅಂತ ಒಬ್ಬೊಬ್ಬರನ್ನೇ ಹಿಡಿದ. ನಗುತ್ತಾ ಎಲ್ಲರೂ ಒಟ್ಟಿಗೆ ಓಡಿದರು. ಅವತ್ತು ನನಗಾದ ಖುಷಿ ಹೇಳಲು ಬರುವುದಿಲ್ಲ.

ಅಪ್ಪಂದಿರು ಕೂಗಾಡುತ್ತಾರೆ, ಹೌದು. "ಅಷ್ಟು ದುಡ್ಡು ಕೊಟ್ಟಿದ್ದೀವಿ" ಅನ್ನುತ್ತಾರೆ. ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಆ ಮನುಷ್ಯ ರಜೆ ಹಾಕಿ, ಗಾಡಿ ಮಾಡಿಕೊಂಡು, ಮಗುವಿಗೆ ಮಾತು ಕೊಟ್ಟು ಬಂದಿರುತ್ತಾನೆ. ಆ ಮಾತು ನನ್ನ ಕಂಬದ ಹತ್ತಿರ ಮುರಿಯುತ್ತದೆ. ಅವರಿಗೆ ಮೊದಲು ಒಂದು ಲೋಟ ನೀರು, ಆಮೇಲೆ ಆ ಮಗು ಹತ್ತಬಹುದಾದ ರೈಡ್‌ಗಳ ಹೆಸರು. ಆಗಲೂ ತಣ್ಣಗಾಗದವರು ಇದ್ದಾರೆ. ಇರಲಿ.

ಫ್ಲೋರಿಡಾದ ಡಿಸ್ನಿ ಪಾರ್ಕಿನ ಒಂದು ಪ್ರಶ್ನೆ ನಮ್ಮ ಕೆಲಸದವರಲ್ಲಿ ಬಹಳ ಹೆಸರುವಾಸಿ: "ಮೂರು ಗಂಟೆಯ ಮೆರವಣಿಗೆ ಎಷ್ಟು ಗಂಟೆಗೆ?" ಅಲ್ಲಿಯವರು ಇದಕ್ಕೆ ನಗುವುದಿಲ್ಲವಂತೆ. ಮೆರವಣಿಗೆ ನಾವಿರುವ ಜಾಗಕ್ಕೆ ಯಾವಾಗ ಬರುತ್ತದೆ, ಮಕ್ಕಳಿಗೆ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಅಂತ ಜನ ಕೇಳುತ್ತಿರುವುದು. ಅದಕ್ಕೆ ಉತ್ತರ ಕೊಡಬೇಕು. ಇದನ್ನು ಕೇಳಿದಾಗಿನಿಂದ ನಾನೂ ಪ್ರಶ್ನೆಯ ಹಿಂದಿನ ಮಾತಿಗೆ ಕಿವಿ ಕೊಡುತ್ತೇನೆ.

ಮೊನ್ನೆ ರಾಯಚೂರು ಕಡೆಯ ಒಬ್ಬ ಅಜ್ಜಿ ವೇವ್ ಪೂಲ್ ಹತ್ತಿರ ಒಬ್ಬರೇ ಕೂತಿದ್ದರು. ಮನೆಯವರೆಲ್ಲ ನೀರಿನಲ್ಲಿ. ಹತ್ತಿಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆಗಳು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತವೆ, ಅದಕ್ಕೇ ನೀರಿಗಿಳಿಯಲು ನೈಲಾನ್ ಬಟ್ಟೆ ಬೇಕು. ಅಜ್ಜಿ ಸೀರೆ ಬಿಟ್ಟು ಬೇರೆ ಉಡುವವರಲ್ಲ. ನನ್ನನ್ನು ಕರೆದು, "ಸಮುದ್ರದ ತೆರಿ ಹಿಂಗಾ ಇರ್ತಾವೇನಪ್ಪಾ?" ಅಂದರು. ಗೋಡೆಯ ಹಿಂದಿನಿಂದ ಮಷೀನು ನೀರನ್ನು ತಳ್ಳುತ್ತದವ್ವಾ, ಹೊತ್ತು ಹೊತ್ತಿಗೆ ಶುರು ಮಾಡುತ್ತಾರೆ ಅಂತ ವಿವರಿಸಿದೆ. ಹೇಳುತ್ತಾ ಹೇಳುತ್ತಾ ಹೊಳೆಯಿತು, ಅವರು ಕೇಳಿದ್ದು ಮಷೀನಿನ ವಿಷಯ ಅಲ್ಲ. ಅಲೆ ಬಂದು ಮುಗಿಯುವ ಅಂಚಿಗೆ ಅವರ ಕುರ್ಚಿ ಹಾಕಿಸಿ, ಚಪ್ಪಲಿ ತೆಗೆದಿಟ್ಟೆ. ನೀರು ಬಂತು, ಪಾದ ತೋಯಿಸಿತು, ಹಿಂದಕ್ಕೆ ಹೋಯಿತು. ಅಜ್ಜಿ ಬಗ್ಗಿ ಆ ನೀರನ್ನು ಕಣ್ಣಿಗೊತ್ತಿಕೊಂಡರು.

ಇದೇ ಕಣೋ ಸಿಗುವುದು. ಸಂಬಳ ಬೇರೆ, ಅದು ತಿಂಗಳಿಗೆ ಸರಿಹೋಗುತ್ತದೆ. ಸಂಜೆ ಕಾಲು ನೋಯುತ್ತದೆ, ಗಂಟಲು ಕಟ್ಟುತ್ತದೆ, ಹಬ್ಬದ ದಿನ ಮನೆಯಲ್ಲಿರಲು ಆಗುವುದಿಲ್ಲ. ಎಲ್ಲಾ ನಿಜ. ಆದರೂ ಬೆಳಿಗ್ಗೆ ಟ್ರೈನ್ ಹತ್ತುವಾಗ ನನಗೆ ಬೇಜಾರಾಗುವುದಿಲ್ಲ.

ಮಗಳನ್ನು ಕರೆದುಕೊಂಡು ಬಾ. ಟ್ರಿಪ್‌ಗಳ ಗದ್ದಲ ಮುಗಿದ ಮೇಲೆ, ವಾರದ ನಡುವೆ ಬಂದರೆ ಕ್ಯೂ ಕಮ್ಮಿ. ಹೊರಡುವ ಮುಂಚೆ ಅವಳನ್ನು ಬಾಗಿಲಿಗೆ ಒರಗಿಸಿ, ಚಪ್ಪಲಿ ಬಿಚ್ಚಿಸಿ, ಟೇಪ್ ಹಿಡಿದು ಅಳೆ. ಎಷ್ಟಿದೆ ಅಂತ ನನಗೆ ಮೆಸೇಜ್ ಮಾಡು. 140 ಇಲ್ಲದಿದ್ದರೆ ಯಾವ ಯಾವ ರೈಡ್ ಹತ್ತಬಹುದು ಅಂತ ನಾನು ಬರೆದು ಕಳಿಸುತ್ತೇನೆ. ಅವಳಿಗೆ ಮನೆಯಲ್ಲೇ ಓದಿ ಹೇಳು.

ನಿನ್ನ ಗೆಳೆಯ