ಕಣ್ಣ ಮುಂದಿನ ಎಳೆ, ಕಣ್ಣಂಚಿನ ಮಿಂಚು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಬಿಳಿ ಗೋಡೆ ನೋಡಿದಾಗ ಬೂದು ಎಳೆಯೊಂದು ತೇಲುತ್ತೆ, ದಿಟ್ಟಿಸಲು ಹೋದರೆ ಜಾರಿಕೊಳ್ಳುತ್ತೆ ಅಂತ ಕೇಳಿದ್ದೀಯ. ಕಾಲೇಜಿನ ದಿನಗಳಿಂದ ಹೀಗೇ ಇದ್ದು, ಹೆಚ್ಚಾಗಿಲ್ಲ ಅಂದರೆ ಗಾಬರಿ ಬೇಡ. ಆದರೆ ನಿನ್ನದು ಮೈನಸ್ ಏಳರ ಕಣ್ಣು. ಲೇಸರ್ ಮಾಡಿಸಿ ಕನ್ನಡಕ ತೆಗೆದಿಟ್ಟೆ ನಿಜ, ಅದು ತಿದ್ದಿದ್ದು ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಮಾತ್ರ. ಉದ್ದಕ್ಕೆ ಬೆಳೆದ ಗುಡ್ಡೆ, ಅದರೊಂದಿಗೆ ಹಿಗ್ಗಿ ತೆಳುವಾದ ರೆಟಿನಾ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರ) ಎರಡೂ ಹಾಗೇ ಇವೆ. ಯಾವ ಕಣ್ಣಿನ ಡಾಕ್ಟರ ಹತ್ತಿರ ಹೋದರೂ ಹಳೇ ಪವರ್ ಎಷ್ಟಿತ್ತೆಂದು ಮೊದಲೇ ಹೇಳಿಬಿಡು.

ಕಣ್ಣೊಳಗೆ ಸುಮಾರು 4 ಮಿಲಿಲೀಟರ್ ವಿಟ್ರಿಯಸ್ ತುಂಬಿರುತ್ತೆ. ಮೊಟ್ಟೆಯ ಬಿಳಿಯಂಥ ಲೋಳೆ, ಬಹುಪಾಲು ನೀರೇ, ನಡುವೆ ಕೊಲಾಜನ್ ನಾರು. ವರ್ಷ ಕಳೆದಂತೆ ಲೋಳೆ ನೀರಾಗಿ ನಾರುಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ನಿನಗೆ ಕಾಣೋದು ರೆಟಿನಾ ಮೇಲೆ ಬೀಳುವ ಅವುಗಳ ನೆರಳು. ಮುಂದೊಂದು ದಿನ ಆ ಲೋಳೆ ರೆಟಿನಾದಿಂದ ಕಳಚಿಕೊಳ್ಳುತ್ತೆ. ಸಾಮಾನ್ಯವಾಗಿ 50 ದಾಟಿದ ಮೇಲೆ. ಹೆಚ್ಚು ಮೈನಸ್ ಇದ್ದವರಿಗೆ, ಪೊರೆ ಆಪರೇಷನ್ ಆದವರಿಗೆ ಇನ್ನೂ ಬೇಗ. ಅಂಟಿಕೊಂಡ ಕಡೆ ಜಗ್ಗಿದಾಗ ಕಣ್ಣಂಚಿನಲ್ಲಿ ಫಳ್ ಅಂತ ಮಿಂಚು ಕಾಣುತ್ತೆ, ಕತ್ತಲಲ್ಲಿ ಹೆಚ್ಚು. ರೆಟಿನಾಕ್ಕೆ ನೋವು ಗೊತ್ತಿಲ್ಲ, ಜಗ್ಗಿದರೂ ಅದು ಹೇಳುವುದು ಬೆಳಕು ಅಂತಲೇ. ನೋವಿಲ್ಲವಲ್ಲ, ಹಬ್ಬ ಮುಗಿದ ಮೇಲೆ ತೋರಿಸಿದರಾಯಿತು ಅಂತ ಕಾಯುವವರು ಬಹಳ. ನನಗೆ ಹೆದರಿಕೆ ಇರುವುದು ಅದಕ್ಕೇ.

ಹೆಚ್ಚಿನವರಿಗೆ ಲೋಳೆ ತೊಂದರೆ ಕೊಡದೆ ಕಳಚುತ್ತೆ. ಹೊಸ ಎಳೆ, ಮಿಂಚು ಬಂದು ಲೋಳೆ ಕಳಚಿದೆ ಅಂತ ಗೊತ್ತಾದವರಲ್ಲಿ ಸುಮಾರು ಏಳರಲ್ಲಿ ಒಬ್ಬರಿಗೆ ಮಾತ್ರ ರೆಟಿನಾ ಹರಿದಿರುತ್ತೆ. ಹರುಕಿನೊಳಗೆ ನೀರು ನುಗ್ಗಿತೆಂದರೆ ರೆಟಿನಾವೇ ಗೋಡೆ ಬಿಟ್ಟು ಏಳುತ್ತೆ. ಹಾಗಾಗಿ ಇದ್ದಕ್ಕಿದ್ದಂತೆ ಚುಕ್ಕೆಗಳ ಸುರಿಮಳೆಯಾದರೆ, ಹೊಸದಾಗಿ ಮಿಂಚು ಶುರುವಾದರೆ ಅದೇ ದಿನ ಹೋಗು. ಅಂಚಿನಿಂದ ನೆರಳು ಸರಿದು ಬಂದರೆ ರಾತ್ರಿಯೇ ಆಗಲಿ, ತುರ್ತು ವಿಭಾಗವಿರುವ ಕಣ್ಣಾಸ್ಪತ್ರೆಗೆ ನಡೆ. ರೆಟಿನಾದ ನಡುಭಾಗ ಕಳಚುವ ಮುಂಚೆ ಆಪರೇಷನ್ ಆದರೆ ನೋಟ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಕಳಚಿದ ಮೇಲೆ ಅಷ್ಟು ಮರಳದೇ ಇರಬಹುದು.

ಒಂದೊಂದೇ ಕಣ್ಣು ಮುಚ್ಚಿ ನೋಡುವುದನ್ನು ರೂಢಿ ಮಾಡಿಕೋ. ಎರಡೂ ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತೆ. ಮೈಗ್ರೇನ್‌ನಲ್ಲೂ ಬೆಳಕು ಕಾಣುತ್ತೆ, ಆದರೆ ಅದು ಅಂಕುಡೊಂಕಾಗಿ ಹೊಳೆಯುತ್ತಾ ಹರಡುತ್ತೆ, ಯಾವ ಕಣ್ಣು ಮುಚ್ಚಿದರೂ ಹೋಗಲ್ಲ, 20–30 ನಿಮಿಷದಲ್ಲಿ ತಾನೇ ಇಳಿಯುತ್ತೆ. ಮೊದಲ ಸಲವಾದರೆ ಅದನ್ನೂ ತೋರಿಸು.

ಕನ್ನಡಕದ ಅಂಗಡಿಯ ಕಂಪ್ಯೂಟರ್ ಟೆಸ್ಟ್‌ನಲ್ಲಿ ಹರುಕು ಸಿಕ್ಕುವುದಿಲ್ಲ. ಅದು ಅಳೆಯುವುದು ಪವರನ್ನು, ಹರುಕು ಇರುವುದು ಹೆಚ್ಚಾಗಿ ರೆಟಿನಾದ ಅಂಚಿನಲ್ಲಿ. ಡ್ರಾಪ್ಸ್ ಹಾಕಿ, ಅರ್ಧ ಗಂಟೆ ಕಾಯಿಸಿ, ಪಾಪೆ ಹಿಗ್ಗಿದ ಮೇಲೆ ತಲೆಗೆ ಲೈಟ್ ಕಟ್ಟಿಕೊಂಡು ಲೆನ್ಸ್ ಹಿಡಿದು ಸುತ್ತಲೂ ನೋಡಬೇಕು. ಕೆಲವೊಮ್ಮೆ ರೆಪ್ಪೆಯ ಮೇಲಿನಿಂದ ಮೆಲ್ಲಗೆ ಒತ್ತುತ್ತಾರೆ, ಸ್ವಲ್ಪ ಸಹಿಸಿಕೋ. ಐದಾರು ಗಂಟೆ ಮಂಜಾಗಿರುತ್ತೆ, ಸ್ಕೂಟರ್ ತಗೊಂಡು ಹೋಗಬೇಡ.

ಹರುಕು ಸಿಕ್ಕರೆ ಸುತ್ತ ಲೇಸರ್ ಹಾಕಿ ಅವತ್ತೇ ಮನೆಗೆ ಕಳಿಸುತ್ತಾರೆ. ಅದು ಗಟ್ಟಿಯಾಗಿ ಬೆಸೆಯಲು ಸುಮಾರು ಎರಡು ವಾರ ಬೇಕು, ಅಲ್ಲಿವರೆಗೆ ಜಿಮ್ ಬಿಡು. ಎಳೆ ಕರಗಿಸುವ ಡ್ರಾಪ್ಸ್ ಯಾವುದೂ ಇಲ್ಲ. ಜೇನುತುಪ್ಪ ಹಾಕು ಅಂತ ಯಾರು ಹೇಳಿದರೂ ಕಣ್ಣಿಗೆ ಬಿಡಬೇಡ.

ಏನೂ ಇಲ್ಲ ಅಂದರೂ ನಾಲ್ಕರಿಂದ ಆರು ವಾರದೊಳಗೆ ಮತ್ತೊಮ್ಮೆ ಕರೆಯುತ್ತಾರೆ. ಜಗ್ಗಾಟ ಇನ್ನೂ ನಡೆದಿರುತ್ತೆ, ಹರುಕು ತಡವಾಗಿಯೂ ಬರಬಹುದು. ಆ ದಿನಾಂಕ ತಪ್ಪಿಸಬೇಡ.

ನಿನ್ನ ಅಮ್ಮ