ಭಾನುವಾರದ ಓದು: ಶೋಪೆನ್‌ಹೌವರ್, ಬರ್ಕ್ಲಿ ಮತ್ತು ನಮ್ಮವರು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4.30ಕ್ಕೆ ಕುಂದವಾಡ ಕೆರೆ ಹತ್ತಿರ ಸೇರೋಣ. ಮಳೆ ಬಂದರೆ ಮುಂದಿನ ವಾರ. ಮಧ್ಯಾಹ್ನವೇ ಇಲ್ಲಿ ತಿಳಿಸುತ್ತೇನೆ. ಚಿತ್ರದುರ್ಗದವರು ಹೊರಡುವ ಮುಂಚೆ ಒಮ್ಮೆ ಗುಂಪು ನೋಡಿಕೊಳ್ಳಿ.

ಮೊದಲು ಜರ್ಮನಿಯ ತತ್ವಜ್ಞಾನಿ ಶೋಪೆನ್‌ಹೌವರ್. ಮೊಘಲ್ ರಾಜಕುಮಾರ ದಾರಾ ಶಿಕೋ 1657ರಲ್ಲಿ ಉಪನಿಷತ್ತುಗಳನ್ನು ಪಾರಸಿಗೆ ತಂದ. ಅದು 1801–02ರಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾಯಿತು. ಶೋಪೆನ್‌ಹೌವರ್ ಮೆಚ್ಚಿ ಓದಿದ್ದು ಅದನ್ನೇ, ಸಂಸ್ಕೃತವನ್ನಲ್ಲ!

ಆಮೇಲೆ ಬರ್ಕ್ಲಿ, ಮನಸ್ಸಿನ ಹೊರಗೆ ಜಡವಸ್ತು ಅಂತ ಏನೂ ಇಲ್ಲ ಎಂದ ಐರಿಷ್ ತತ್ವಜ್ಞಾನಿ. 'ಶಂಕರರು ಹೇಳಿದ್ದೂ ಅದೇ ಅಲ್ವಾ' ಅಂತ ಸುಮಾರು ಜನ ಅನ್ನುತ್ತೀರಿ. ನನಗೆ ಒಪ್ಪಿಗೆ ಇಲ್ಲ. ಹೊರಗಿನ ವಸ್ತುವೇ ಇಲ್ಲ, ಎಲ್ಲ ಅರಿವಿನ ಆಟ ಎನ್ನುವ ಬೌದ್ಧ ವಾದವನ್ನು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಚೆನ್ನಾಗಿಯೇ ಝಾಡಿಸುತ್ತಾರೆ. ಕಂಬ, ಗೋಡೆ, ಮಡಕೆ ಕಣ್ಣೆದುರೇ ಇವೆ. ಇಲ್ಲ ಅನ್ನುವುದು, ಹೊಟ್ಟೆ ತುಂಬಾ ಉಂಡವನು 'ನಾನು ಉಂಡೇ ಇಲ್ಲ' ಅಂದಂತೆ ಎನ್ನುತ್ತಾರೆ. ಬರ್ಕ್ಲಿಗೆ ಜಾಸ್ತಿ ಹತ್ತಿರದವನು ಆ ಬೌದ್ಧ ವಾದವನ್ನೇ ಹೇಳಿದ ವಸುಬಂಧು. ಜಗಳ ಅಲ್ಲಿಂದಲೇ ಶುರು ಮಾಡೋಣ.

ಭಾಷ್ಯದ ಆ ಭಾಗ (2.2.28) ಓದಿಕೊಂಡು ಬನ್ನಿ, ಸುಮ್ನೆ ಕೇಳಲು ಬಂದರೂ ಸರಿ. ಬರುವವರು ಶುಕ್ರವಾರದೊಳಗೆ ಹೆಸರು ಹಾಕಿ. ಮಂಡಕ್ಕಿ-ಮೆಣಸಿನಕಾಯಿ ಯಾರು ತರುತ್ತೀರಿ, ಅದನ್ನೂ ಹೇಳಿಬಿಡಿ.