ನಾಲ್ಕಾಣೆಯ ಗುರುತು

ಮಾಟುಂಗಾ, ಮುಂಬೈ

ಚಿರಂಜೀವಿ ಸುಮಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಪುಣೆಯ ಪ್ರಯೋಗಾಲಯದಲ್ಲಿ ಇಲಿಯ ಮಿದುಳಿನ ನಕ್ಷತ್ರಾಕಾರದ ಕೋಶಗಳಾದ ಆಸ್ಟ್ರೋಸೈಟ್‌ಗಳನ್ನು ನೀಲಿ ಬೆಳಕಿನಿಂದ ಪ್ರಚೋದಿಸುವ ಕೆಲಸ ನಿನ್ನ ಪಾಲಿಗೆ ಬಂದಿರುವುದನ್ನು ಓದಿ ಸಂತೋಷವಾಯಿತು. ನಾನು ವಿಜ್ಞಾನಿಯಲ್ಲ, ವಿಜ್ಞಾನಿಗಳಿಗಾಗಿ ಮೂವತ್ತು ವರ್ಷ ಕತ್ತಲಕೋಣೆಯಲ್ಲಿ ಮಿದುಳಿನ ಸೂಕ್ಷ್ಮಚಿತ್ರಗಳನ್ನು ಮುದ್ರಿಸಿಕೊಟ್ಟವನು. ನರಕೋಶ ಎದ್ದು ಕಾಣಲಿ, ಸುತ್ತಲಿನದು ಹೇಗಿದ್ದರೂ ನಡೆದೀತು ಎಂದು ಅವರು ಹೇಳುತ್ತಿದ್ದರು. ಆ ಸುತ್ತಲಿನದೇ ಗ್ಲಿಯಾ; ನಿನ್ನ ಆಸ್ಟ್ರೋಸೈಟ್ ಅದರದೇ ಒಂದು ಬಗೆ. 1856ರಲ್ಲಿ ಜರ್ಮನ್ ವೈದ್ಯ ವಿರ್ಶೋ ಇಟ್ಟ ಹೆಸರಿನ ಅರ್ಥವೇ ಅಂಟು. ಅಂಟಿನ ಕಡೆ ಯಾರು ನೋಡುತ್ತಾರೆ!

2010ರಲ್ಲಿ ಗೌರಿನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇಲಿಯ ಮಿದುಳುಕಾಂಡದ ಆಸ್ಟ್ರೋಸೈಟ್‌ಗಳಲ್ಲಿ ಚಾನೆಲ್‌ರೊಡಾಪ್ಸಿನ್ ಎಂಬ, ಬೆಳಕು ಬಿದ್ದರೆ ತೆರೆದುಕೊಳ್ಳುವ ಪ್ರೋಟೀನನ್ನು ಇರಿಸಿ ಬೆಳಕು ಹಾಯಿಸಿದಾಗ, ಅವುಗಳೊಳಗೆ ಕ್ಯಾಲ್ಸಿಯಂ ಏರಿ, ಕೋಶಗಳ ನಡುವೆ ಸಂಕೇತ ಒಯ್ಯುವ ಎಟಿಪಿ ಎಂಬ ರಾಸಾಯನಿಕ ಹೊರಬಿದ್ದು, ಪ್ರಾಣಿಯ ಉಸಿರಾಟವೇ ಹೆಚ್ಚಿತೆಂಬುದನ್ನು ನೀನೇ ನನಗೆ ವಿವರಿಸಿದ್ದೆ. ಆ ಫಲಿತಾಂಶದ ಸೊಗಸಿಗೆ ಮರುಳಾಗಿ ನೀನು ಅವಸರಪಟ್ಟೀಯೆ ಎಂಬುದೇ ನನ್ನ ಆತಂಕ.

ನನ್ನದೊಂದು ತಪ್ಪನ್ನು ಕೇಳು. ಒಮ್ಮೆ ಕತ್ತಲಕೋಣೆಗೆ ಹೊಸ ಕೆಂಪು ಬಲ್ಬು ತಂದೆ. ಕೆಂಪು ಬೆಳಕು ಕಾಗದವನ್ನು ಮುಟ್ಟುವುದಿಲ್ಲವೆಂಬ ನಂಬಿಕೆಯಿಂದ ರಾತ್ರಿಯಿಡೀ ಮುದ್ರಿಸಿದ ಚಿತ್ರಗಳಲ್ಲಿ ಬಿಳಿ ಇರಬೇಕಾದಲ್ಲೆಲ್ಲ ಮಂಕು ಬೂದಿ ಬಣ್ಣ ಕೂತಿತ್ತು. ದೋಷ ಡೆವಲಪರಿನದೆಂದು ಎರಡು ದಿನ ದ್ರಾವಣ ಬದಲಾಯಿಸಿದೆ. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು ಖಾಲಿ ಕಾಗದದ ಮೇಲೆ ನಾಲ್ಕಾಣೆಯ ನಾಣ್ಯವಿಟ್ಟು, ಆ ಬಲ್ಬಿನಡಿ ಐದು ನಿಮಿಷ ಬಿಟ್ಟು, ತಟ್ಟೆಯಲ್ಲಿ ತೊಳೆದರು. ನಾಣ್ಯವಿದ್ದ ಜಾಗ ಮಾತ್ರ ದುಂಡಗೆ ಬಿಳಿಯಾಗಿ ಉಳಿದಿತ್ತು.

ನಿನ್ನ ಖಾಲಿ ಕಾಗದವೆಂದರೆ ಚಾನೆಲ್‌ರೊಡಾಪ್ಸಿನ್ ಇಲ್ಲದ ಇಲಿ. ಅದಕ್ಕೂ ಬೆಳಕು ಒಯ್ಯುವ ಅದೇ ಫೈಬರ್ ತೂರಿಸಿ, ಅಷ್ಟೇ ಶಕ್ತಿಯ ಬೆಳಕನ್ನು ಅಷ್ಟೇ ಹೊತ್ತು ಬಿಡು. ಅಂಥ ಇಲಿಗಳಲ್ಲೂ ಬೆಳಕು ತಾನಾಗಿಯೇ ರಕ್ತನಾಳಗಳನ್ನು ಹಿಗ್ಗಿಸಿ ಮಿದುಳಿನ ರಕ್ತಹರಿವನ್ನು ಹೆಚ್ಚಿಸುತ್ತದೆಂದು 2017ರಲ್ಲಿ ತೋರಿಸಿದ್ದಾರೆ. ರಕ್ತನಾಳಗಳಿಗೆ ಪಾದವೂರಿ ನಿಂತಿರುವ ಕೋಶವನ್ನು ಅಭ್ಯಾಸ ಮಾಡುವವಳು ನೀನು. ಆ ಹಿಗ್ಗುವಿಕೆಯನ್ನು ಆಸ್ಟ್ರೋಸೈಟಿನ ಕೆಲಸವೆಂದು ಬರೆದುಬಿಡುವುದು ಎಷ್ಟು ಸುಲಭ!

ಇನ್ನೊಂದು ಮಾತು. ಪಾಚಿಯಿಂದ ಬಂದ ಆ ಪ್ರೋಟೀನು ನರಕೋಶದಲ್ಲಿ ವಿದ್ಯುತ್ ಮಿಡಿತ ಎಬ್ಬಿಸುವಂತೆ ಆಸ್ಟ್ರೋಸೈಟಿನಲ್ಲಿ ಎಬ್ಬಿಸುವುದಿಲ್ಲ. ಬದಲಿಗೆ ಆ ಪ್ರೋಟೀನಿನ ಮೂಲಕ ಹೊರಬೀಳುವ ಪೊಟ್ಯಾಸಿಯಂ ನೆರೆಯ ನರಕೋಶಗಳನ್ನು ಕೆರಳಿಸಬಲ್ಲದು. ಆಗ ನಿನಗೆ ಕೇಳಿಸುವುದು ಆಸ್ಟ್ರೋಸೈಟಿನ ಮಾತೋ, ನೀನೇ ಎಬ್ಬಿಸಿದ ಗದ್ದಲವೋ ಎಂಬುದನ್ನು ಬೆಳಕಿನ ಪ್ರಮಾಣ ತಗ್ಗಿಸುತ್ತ ಹೋಗಿ ನೋಡು. ಗೈಡ್ ಅವಸರಪಡಿಸಿದರೆ ವಿನಯದಿಂದಲೇ ಎರಡು ವಾರ ಕೇಳಿಕೊ.

ದೀಪಾವಳಿಗೆ ಡೆಕ್ಕನ್ ಕ್ವೀನ್‌ನಲ್ಲಿ ಬರುವಾಗ ಖಾಲಿ ಇಲಿಗಳ ದಾಖಲೆಯನ್ನೂ ತಾ. ನನಗೆ ಮೊದಲು ಅದನ್ನೇ ನೋಡುವ ಆಸೆ.

ನಿನ್ನ ಮಾವ